ಇಂಗ್ಲಿಷ್ ಅಲಂಕಾರಗಳು ನಡೆದು ಬಂದ ದಾರಿ

ಕಳೆದ ತಿಂಗಳ ಒಂದು ಸಂಜೆ ನನ್ನ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಇಂಗ್ಲಿಷ್ ಪಾಠವನ್ನು ಉರುಹೊಡೆಯುತ್ತಿದ್ದಳು. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಅಲಿಟರೇಶನ್, ಹೈಪರ್ಬೊಲಿ, ಐರನಿ, ಆಕ್ಸಿಮೊರಾನ್, ಒನೊಮಟೊಪಿಯ. ಒಂದೊಂದಕ್ಕೂ ಒಂದು ಸಾಲಿನ ಲಕ್ಷಣ, ಒಂದು ಸಾಲಿನ ಉದಾಹರಣೆ. 'ಇವೆಲ್ಲ ಏನಮ್ಮ?' ಎಂದು ಕೇಳಿದೆ. 'ಹೆಸರುಗಳು ತಾತ. ಒಂದು ಸಾಲು ಕೊಡುತ್ತಾರೆ, ಅದರ ಹೆಸರು ಬರೆಯಬೇಕು. ಒಂದು ಮಾರ್ಕು' ಎಂದಳು. 'ಆ ಹೆಸರುಗಳಿಗೆ ಅರ್ಥವೇನು?' ಎಂದೆ. ಅವಳು ಪುಸ್ತಕದಿಂದ ತಲೆಯೆತ್ತದೆ, 'ಅರ್ಥ ಪರೀಕ್ಷೆಗಿಲ್ಲ ತಾತ' ಎಂದುಬಿಟ್ಟಳು.

ನಾನು ಕನ್ನಡದ ಮೇಷ್ಟರು. ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ ಕಾವ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳಿ ನಿವೃತ್ತನಾದವನು. ಇಂಗ್ಲಿಷ್ ಸಾಹಿತ್ಯದ ಮಟ್ಟಿಗೆ ನಾನು ಆಸಕ್ತ ಓದುಗನೇ ಹೊರತು ಪಂಡಿತನಲ್ಲ. ಆದರೂ ಆ ಹುಡುಗಿಯ ಮಾತು ನನ್ನನ್ನು ಚುಚ್ಚಿತು. ಅದಕ್ಕೆ ನನ್ನದೇ ಆದ ಒಂದು ಹಳೆಯ ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಈ ಹೆಸರುಗಳು ಎಲ್ಲಿ ಹುಟ್ಟಿದವು, ಯಾವ ಕೆಲಸಕ್ಕೆ ಒದಗಿದವು, ಎಷ್ಟು ದೂರ ನಡೆದು ನಮ್ಮ ಪಡಸಾಲೆಯವರೆಗೆ ಬಂದವು ಎಂಬುದನ್ನು ಮೊದಲು ನೋಡೋಣ.

ಕಥೆಯ ಆರಂಭ ಕವಿಗೋಷ್ಠಿಯಲ್ಲಿಲ್ಲ, ಜಮೀನಿನ ವ್ಯಾಜ್ಯದಲ್ಲಿದೆ. ಕ್ರಿ. ಪೂ. ಐದನೆಯ ಶತಮಾನದಲ್ಲಿ ಸಿಸಿಲಿ ದ್ವೀಪದ ಸಿರಕ್ಯೂಸ್ ನಗರದಲ್ಲಿ ನಿರಂಕುಶ ಪ್ರಭುಗಳ ಆಳ್ವಿಕೆ ಮುರಿದುಬಿದ್ದಾಗ, ಕಳೆದುಕೊಂಡ ಭೂಮಿಗಾಗಿ ಜನ ನ್ಯಾಯಸಭೆಯ ಮುಂದೆ ನಿಂತರಂತೆ. ತನ್ನ ಪರವಾಗಿ ತಾನೇ ವಾದಿಸಬೇಕಾಗಿದ್ದ ಕಾಲ ಅದು. ಹಾಗೆ ನಿಂತವರಿಗೆ ಮಾತಾಡುವ ವಿದ್ಯೆಯನ್ನು ಕಲಿಸಿದವರು ಕೊರಾಕ್ಸ್ ಮತ್ತು ಟಿಸಿಯಾಸ್ ಎಂಬಿಬ್ಬರು ಎಂದು ಪರಂಪರೆ ಹೇಳುತ್ತದೆ. ಅದೇ ದ್ವೀಪದ ಗಾರ್ಜಿಯಸ್ ಕ್ರಿ. ಪೂ. ೪೨೭ರಲ್ಲಿ ತನ್ನೂರಿನ ರಾಯಭಾರಿಯಾಗಿ ಅಥೆನ್ಸಿಗೆ ಬಂದು ಭಾಷಣ ಮಾಡಿದ. ಸಮತೂಕದ ವಾಕ್ಯಖಂಡಗಳು, ಎದುರುಬದುರಾಗಿ ನಿಲ್ಲಿಸಿದ ಪದಗಳು, ಕೊನೆಯಲ್ಲಿ ಕೂಡುವ ಪ್ರಾಸಗಳು. ಅಥೆನ್ಸಿನ ಜನ ಕಿವಿಗೊಟ್ಟು ಬೆರಗಾದರು. ಇಂದು ನಾವು ಆಂಟಿಥಿಸಿಸ್ ಮುಂತಾಗಿ ಕರೆಯುವ ಯುಕ್ತಿಗಳು ಹೀಗೆ ಕೇಳುವವರ ಮನಸ್ಸನ್ನು ಗೆಲ್ಲಲು ಬಳಕೆಗೆ ಬಂದವು.

ಒಂದು ಶತಮಾನದ ಅನಂತರ ಅರಿಸ್ಟಾಟಲ್ ಬಂದು ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದ. ಕಾವ್ಯವನ್ನು ಕುರಿತು ಒಂದು, ಭಾಷಣಕಲೆಯನ್ನು ಕುರಿತು ಇನ್ನೊಂದು, ಹೀಗೆ ಅವನ ಎರಡು ಗ್ರಂಥಗಳಲ್ಲಿಯೂ ಮೆಟಫರ್ ವಿಚಾರ ಬರುತ್ತದೆ. ಆ ಗ್ರೀಕ್ ಪದದ ಅರ್ಥ 'ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವುದು'. ಇಂದಿಗೂ ಗ್ರೀಸ್ ದೇಶದಲ್ಲಿ ಮನೆಯ ಸಾಮಾನು ಸಾಗಿಸುವ ಲಾರಿಗಳ ಮೇಲೆ ಅದೇ ಪದ ಬರೆದಿರುತ್ತದೆ. ಒಂದರ ಹೆಸರನ್ನು ಇನ್ನೊಂದರ ಮನೆಗೆ ಸಾಗಿಸುವುದೇ ಮೆಟಫರ್. ಸಿಮಿಲಿಗೂ ಇದಕ್ಕೂ ಇರುವ ವ್ಯತ್ಯಾಸ ಅತ್ಯಲ್ಪವೆಂದು ಅರಿಸ್ಟಾಟಲ್ ಹೇಳಿದ. ಉಪಮೆ ಮತ್ತು ರೂಪಕಗಳ ಸಂಬಂಧವನ್ನು ಬಲ್ಲ ಕನ್ನಡಿಗನಿಗೆ ಇದು ಪರಿಚಿತ ವಿಚಾರವೇ. ಆದರೆ ಅವನು ಹೇಳಿದ ಇನ್ನೊಂದು ಮಾತು ನಮ್ಮ ಪರೀಕ್ಷಕರು ನೆನೆಯಬೇಕಾದದ್ದು. ಮೆಟಫರನ್ನು ಕಟ್ಟುವ ಶಕ್ತಿ ಪ್ರತಿಭೆಯ ಕುರುಹು, ಅದನ್ನು ಇನ್ನೊಬ್ಬರಿಂದ ಕಲಿಯಲಾಗದು ಎಂಬುದು ಅವನ ಅಭಿಪ್ರಾಯವಾಗಿತ್ತು.

ಉಳಿದ ಹೆಸರುಗಳೂ ಹೀಗೆಯೇ ಕಣ್ಣಿಗೆ ಕಟ್ಟುವಂಥವು. ಹೈಪರ್ಬೊಲಿ ಎಂದರೆ ಗುರಿಯನ್ನು ದಾಟಿ ಎಸೆಯುವುದು. ಒನೊಮಟೊಪಿಯ ಎಂದರೆ ಹೆಸರನ್ನು ಮಾಡುವುದು. ಐರನಿ ಎಂಬುದು ಗ್ರೀಕ್ ಪ್ರಹಸನಗಳ ಒಂದು ಪಾತ್ರದಿಂದ ಬಂದದ್ದು. ತಿಳಿದೂ ತಿಳಿಯದವನಂತೆ ನಟಿಸಿ ಜಂಬಗಾರನನ್ನು ಕೆಡಹುವವನು ಅವನು. ಆಕ್ಸಿಮೊರಾನ್ ಎಂಬುದರಲ್ಲಿ 'ಚೂಪು' ಮತ್ತು 'ಮೊಂಡು' ಎಂಬ ಎರಡು ಪದಗಳು ಕೂಡಿಕೊಂಡಿವೆ. ಲಕ್ಷಣವೂ ಉದಾಹರಣೆಯೂ ಒಂದೇ ಪದದಲ್ಲಿ ದೊರೆಯುತ್ತವೆ. ಗ್ರೀಕರ ಕಿವಿಗೆ ಇವು ಬಾಯಿಪಾಠದ ಪದಗಳಾಗಿರಲಿಲ್ಲ. ಬಡಗಿಗೆ ಉಳಿ, ಬಾಚಿ, ಕೊಡತಿ ಇದ್ದಂತೆ ಇದ್ದವು.

ರೋಮನರ ಕೈಯಲ್ಲಿ ಈ ಉಪಕರಣಗಳ ಪಟ್ಟಿ ಬೆಳೆಯಿತು. ಕ್ರಿ. ಪೂ. ಒಂದನೆಯ ಶತಮಾನದ ಒಂದು ಲ್ಯಾಟಿನ್ ಕೈಪಿಡಿಯಲ್ಲಿ ಅರವತ್ತಕ್ಕೂ ಹೆಚ್ಚು ಅಲಂಕಾರಗಳಿವೆ. ಭರತನ ನಾಟ್ಯಶಾಸ್ತ್ರದಲ್ಲಿ ನಾಲ್ಕೇ ಆಗಿದ್ದ ಅಲಂಕಾರಗಳು ಅಪ್ಪಯ್ಯ ದೀಕ್ಷಿತನ ಕುವಲಯಾನಂದದ ಹೊತ್ತಿಗೆ ನೂರನ್ನು ಮೀರಿದುದನ್ನು ಇಲ್ಲಿ ನೆನೆಯಬಹುದು. ಆದರೆ ಕ್ರಿ. ಶ. ಒಂದನೆಯ ಶತಮಾನದ ಕೊನೆಯಲ್ಲಿ ಹನ್ನೆರಡು ಸಂಪುಟಗಳ ಶಿಕ್ಷಣಗ್ರಂಥವನ್ನು ಬರೆದ ಕ್ವಿಂಟಿಲಿಯನ್ ಎಂಬ ಮಹಾಶಿಕ್ಷಕ ಒಂದು ಸಂಗತಿಯನ್ನು ಮರೆಯಲಿಲ್ಲ. ದ್ರಾಕ್ಷಿಯ ಚಿಗುರನ್ನು ರತ್ನವೆಂದೂ ಪೈರಿಗೆ ಬಾಯಾರಿದೆಯೆಂದೂ ಹಳ್ಳಿಯ ರೈತರೇ ಹೇಳುತ್ತಾರಲ್ಲ ಎಂದು ಅವನು ಗಮನಿಸಿದ. ನಮ್ಮ ರೈತನೂ ನೆಲ ಬಾಯಿ ಬಿಟ್ಟಿದೆ ಎನ್ನುತ್ತಾನೆ. ಅಲಂಕಾರ ಮೊದಲು ಹೊಲದಲ್ಲಿ ಹುಟ್ಟುತ್ತದೆ, ಅದರ ಹೆಸರು ಆಮೇಲೆ ಶಾಲೆಯಲ್ಲಿ ಹುಟ್ಟುತ್ತದೆ.

ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು. ೧೦೬೬ರ ನಾರ್ಮನ್ ಆಕ್ರಮಣಕ್ಕೆ ಮುಂಚಿನ ಇಂಗ್ಲಿಷ್ ಕಾವ್ಯದ ಸಾಲುಗಳನ್ನು ಕಟ್ಟಿ ನಿಲ್ಲಿಸಿದ್ದುದು ಪದಾರಂಭದ ಧ್ವನಿಯ ಪುನರಾವರ್ತನೆ. ಹಳಗನ್ನಡ ಪದ್ಯಕ್ಕೆ ದ್ವಿತೀಯಾಕ್ಷರ ಪ್ರಾಸ ಹೇಗೋ ಅವರಿಗೆ ಇದು ಹಾಗೆ. ಆದರೆ ಅಲಿಟರೇಶನ್ ಎಂಬ ಹೆಸರನ್ನು ಆ ಕವಿಗಳು ಕೇಳಿರಲೇ ಇಲ್ಲ. ಅದನ್ನು ಲ್ಯಾಟಿನ್‌ನಲ್ಲಿ ಟಂಕಿಸಿದವನು ಹದಿನೈದನೆಯ ಶತಮಾನದ ಇಟಲಿಯ ವಿದ್ವಾಂಸ ಪೊಂಟಾನೊ.

ಹದಿನಾರನೆಯ ಶತಮಾನದ ಇಂಗ್ಲೆಂಡಿನ ಶಾಲೆಗಳಲ್ಲಿ ಅಲಂಕಾರವೆಂದರೆ ಕೈಯಾರೆ ಮಾಡಬೇಕಾದ ಕೆಲಸ. ೧೫೧೨ರಲ್ಲಿ ಎರಾಸ್ಮಸ್ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಗೆಂದು ಒಂದು ಪಠ್ಯವನ್ನು ಕೊಟ್ಟ. ನಿಮ್ಮ ಪತ್ರದಿಂದ ನನಗೆ ಬಹಳ ಸಂತೋಷವಾಯಿತು ಎಂಬ ಒಂದೇ ಸಾದಾ ಮಾತನ್ನು ಅದರಲ್ಲಿ ಅವನು ನೂರಕ್ಕೂ ಹೆಚ್ಚು ಬಗೆಗಳಲ್ಲಿ ಹೇಳಿ ತೋರಿಸಿದ್ದಾನೆ. ಹುಡುಗರು ಹೆಸರನ್ನು ಕಲಿಯಬೇಕು, ದೊಡ್ಡ ಲೇಖಕರಲ್ಲಿ ಅದರ ಪ್ರಯೋಗವನ್ನು ಹುಡುಕಬೇಕು, ಬಳಿಕ ತಾವೇ ಅಂಥದೊಂದನ್ನು ಬರೆಯಬೇಕು. ಈ ಮೂರನೆಯ ಮೆಟ್ಟಿಲಿಗಾಗಿಯೇ ಮೊದಲೆರಡು ಮೆಟ್ಟಿಲುಗಳಿದ್ದವು. ಷೇಕ್ಸ್‌ಪಿಯರನ ಪೀಳಿಗೆ ಬೆಳೆದದ್ದು ಇಂಥ ಶಿಕ್ಷಣದಲ್ಲಿ. ಹೆಸರುಗಳಲ್ಲೇ ಮುಳುಗಿಹೋದ ಪಂತೋಜಿಯನ್ನು ಅವನು 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಹಾಲೊಫರ್ನೀಸನ ಪಾತ್ರದಲ್ಲಿ ನಗೆಗೀಡು ಮಾಡಿದ್ದೂ ಆ ಶಿಕ್ಷಣವನ್ನು ಒಳಗಿನಿಂದ ಬಲ್ಲವನಾದ್ದರಿಂದಲೇ ಇರಬೇಕು.

೧೫೮೯ರಲ್ಲಿ ಒಂದು ಸ್ವಾರಸ್ಯವಾದ ಪ್ರಯತ್ನ ನಡೆಯಿತು. 'ಇಂಗ್ಲಿಷ್ ಕಾವ್ಯಕಲೆ' ಎಂಬರ್ಥದ ಹೆಸರಿನ ಗ್ರಂಥವೊಂದು ಕರ್ತೃವಿನ ಹೆಸರಿಲ್ಲದೆ ಲಂಡನ್ನಿನಲ್ಲಿ ಅಚ್ಚಾಯಿತು. ಜಾರ್ಜ್ ಪಟ್ಟನ್‌ಹ್ಯಾಮ್ ಅದರ ಕರ್ತೃವೆಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. ಗ್ರೀಕ್, ಲ್ಯಾಟಿನ್ ಅರಿಯದ ಆಸ್ಥಾನಿಕರಿಗೂ ಸ್ತ್ರೀಯರಿಗೂ ಈ ಹೆಸರುಗಳು ನಾಲಗೆಗೆ ಹೊರಳಬೇಕೆಂದು ಅವನು ಒಂದೊಂದಕ್ಕೂ ಮನೆಮಾತಿನ ಹೆಸರನ್ನಿಟ್ಟ. ಅವನ್ನು ಕನ್ನಡದಲ್ಲಿ ಹೇಳುವುದಾದರೆ ಐರನಿ 'ಒಣ ಗೇಲಿ', ಹೈಪರ್ಬೊಲಿ 'ದೊಡ್ಡ ಗಂಟಲಿನ ಸುಳ್ಳುಗಾರ', ಮೆಟಫರ್ 'ಸಾಗಣೆ', ಒಂದೇ ಪದವನ್ನು ಎಡೆಬಿಡದೆ ಮತ್ತೆ ಮತ್ತೆ ಹೇಳುವ ಅಲಂಕಾರ 'ಕೋಗಿಲೆಯ ಜಪ'. ಹೆಸರನ್ನು ಕೇಳಿದೊಡನೆ ಅದರ ಕೆಲಸ ತಿಳಿಯುತ್ತದೆ.

ಇದನ್ನು ಓದುವಾಗ ನನಗೆ ಕವಿರಾಜಮಾರ್ಗದ ನೆನಪು ಬಂತು. ಪಟ್ಟನ್‌ಹ್ಯಾಮನಿಗಿಂತ ಏಳು ಶತಮಾನಗಳಿಗೂ ಹಿಂದೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಆ ಗ್ರಂಥವೂ ದೇಶಭಾಷೆಗೆ ಕಾವ್ಯಶಾಸ್ತ್ರವನ್ನು ತಂದಿತು. ಅದರ ಕರ್ತೃ ಯಾರೆಂಬುದೂ ಚರ್ಚೆಗೆ ಒಳಗಾದ ವಿಷಯವೇ. ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಅದು ಅಲಂಕಾರಗಳಿಗೆ ಕನ್ನಡದ ಲಕ್ಷ್ಯಗಳನ್ನು ಒದಗಿಸಿತು; ಹೆಸರುಗಳನ್ನು ಮಾತ್ರ ಸಂಸ್ಕೃತದಲ್ಲಿಯೇ ಉಳಿಸಿಕೊಂಡಿತು. ಅತ್ತ ಪಟ್ಟನ್‌ಹ್ಯಾಮ್ ಇಟ್ಟ ದೇಶೀ ಹೆಸರುಗಳೂ ನಿಲ್ಲಲಿಲ್ಲ. ಅರ್ಥವಾಗುವ ಹೆಸರಿಗಿಂತ ಗಂಭೀರವಾದ ಹೆಸರಿಗೆ ವಿದ್ವತ್ತಿನ ಸಭೆಯಲ್ಲಿ ಮಣೆ ಹಾಕುವುದು ಎರಡು ದೇಶಗಳಿಗೂ ಸಮಾನವಾದ ರೂಢಿಯೆಂದು ತೋರುತ್ತದೆ.

ಹದಿನೇಳನೆಯ ಶತಮಾನದಲ್ಲಿ ಗಾಳಿ ತಿರುಗಿತು. ೧೬೬೦ರಲ್ಲಿ ಸ್ಥಾಪಿತವಾದ ರಾಯಲ್ ಸೊಸೈಟಿಯ ವಿಜ್ಞಾನಿಗಳಿಗೆ ಬೇಕಾದದ್ದು ಅಂಕಿ ಅಳತೆಗಳಂತೆ ನಿಖರವಾದ ಮಾತು. ಅದರ ಇತಿಹಾಸವನ್ನು ೧೬೬೭ರಲ್ಲಿ ಬರೆದ ಥಾಮಸ್ ಸ್ಪ್ರಾಟ್ ಅಲಂಕಾರಗಳ ಮೇಲೆ ಹರಿಹಾಯ್ದ. ಅದಕ್ಕೆ ನಾಲ್ಕು ವರ್ಷ ಮೊದಲೇ ಸ್ಯಾಮ್ಯುಯೆಲ್ ಬಟ್ಲರ್ ತನ್ನ ವಿಡಂಬನ ಕಾವ್ಯ 'ಹ್ಯೂಡಿಬ್ರಾಸ್'ನಲ್ಲಿ, ಈ ಶಾಸ್ತ್ರದಿಂದ ದೊರೆಯುವುದು ಹತಾರಗಳ ಹೆಸರಷ್ಟೇ ಎಂಬ ಧಾಟಿಯಲ್ಲಿ ಅಣಕಿಸಿದ್ದ. ಅಣಕ ಬರಬರುತ್ತ ನಿಜವಾಯಿತು. ಎಡಿನ್‌ಬರೋದಲ್ಲಿ ೧೭೬೨ರಲ್ಲಿ ಪ್ರಾಧ್ಯಾಪಕನಾದ ಹ್ಯೂ ಬ್ಲೇರ್ ೧೭೮೩ರಲ್ಲಿ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದಾಗ ಅವುಗಳ ಮೊದಲ ವಿಷಯವೇ ಅಭಿರುಚಿ. ಒಳ್ಳೆಯ ಬರಹವನ್ನು ಸವಿಯಬಲ್ಲವನನ್ನು ತಯಾರಿಸುವುದೂ ಈಗ ಶಿಕ್ಷಣದ ಗುರಿಯಾಯಿತು. ಅಲಂಕಾರ ಮಾತುಗಾರನ ಕೈಯಿಂದ ನಿಧಾನವಾಗಿ ಓದುಗನ ಕಣ್ಣಿಗೆ ವರ್ಗವಾಯಿತು. ೧೮೬೬ರಲ್ಲಿ ಅಲೆಗ್ಸಾಂಡರ್ ಬೇನ್ ಬರೆದಂಥ ಪಠ್ಯಪುಸ್ತಕಗಳು ಅದನ್ನು ವರ್ಗೀಕರಿಸಿ ತರಗತಿಗೆ ತಂದವು.

ನಮ್ಮ ದೇಶಕ್ಕೆ ಇಂಗ್ಲಿಷ್ ಶಿಕ್ಷಣ ಬಂದದ್ದು ಈ ಘಟ್ಟದಲ್ಲಿ. ೧೮೩೫ರಲ್ಲಿ ಸರ್ಕಾರದ ನೀತಿ ಅದರ ಪರವಾಯಿತು. ೧೮೫೭ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದವು. ಜೊತೆಗೆ ಸಾರ್ವತ್ರಿಕ ಪರೀಕ್ಷೆಯೂ ಬೇರೂರಿತು. ಸಾವಿರಾರು ಉತ್ತರಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ತಿದ್ದಬೇಕಾದವನಿಗೆ ರಸಾಸ್ವಾದವನ್ನು ಅಳೆಯುವುದು ಕಷ್ಟ, ಹೆಸರನ್ನು ಅಳೆಯುವುದು ಸುಲಭ. ರೆನ್ ಮತ್ತು ಮಾರ್ಟಿನ್ ಇವರ ವ್ಯಾಕರಣವನ್ನು ಓದಿ ಬೆಳೆದ ಹಿರಿಯರಿಗೆ ಅದರಲ್ಲಿದ್ದ ಅಲಂಕಾರಗಳ ಅಧ್ಯಾಯ ನೆನಪಿರಬಹುದು. ಅದು ಅಚ್ಚುಕಟ್ಟಾದ ಅಧ್ಯಾಯ. ಆದರೆ ಗಾರ್ಜಿಯಸನ ಧ್ವನಿಯಾಗಲಿ ಎರಾಸ್ಮಸನ ಆಟವಾಗಲಿ ಅಲ್ಲಿ ಕೇಳಿಸುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಒಣಗಿದ ವಿದ್ಯೆಗೆ ಮತ್ತೆ ನೀರೆರೆದವರಲ್ಲಿ ಐ. ಎ. ರಿಚರ್ಡ್ಸ್ ಪ್ರಮುಖರು. ಮೆಟಫರನ್ನು ಎರಡಾಗಿ ಬಿಡಿಸಿ, ಹೇಳಬೇಕಾದ ವಸ್ತುವಿಗೆ ಟೆನರ್ ಎಂದೂ ಅದನ್ನು ಹೊತ್ತು ತರುವ ವಸ್ತುವಿಗೆ ವೆಹಿಕಲ್ ಎಂದೂ ಅವರು ೧೯೩೬ರ ತಮ್ಮ ಗ್ರಂಥದಲ್ಲಿ ಹೆಸರಿಟ್ಟರು. ಮತ್ತೆ ಸಾಗಣೆಯ ಮಾತೇ! ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ನಮ್ಮ ಆಲಂಕಾರಿಕರು ಉಪಮೇಯ, ಉಪಮಾನ ಎಂದು ವಿಂಗಡಿಸಿದ್ದರೆಂದು ನಾವು ಹೆಮ್ಮೆಪಡಬಹುದು. ಆದರೆ ರಿಚರ್ಡ್ಸ್ ಒತ್ತಿಹೇಳಿದ್ದು ಆ ಎರಡು ಹೆಸರುಗಳನ್ನಲ್ಲ. ಅವೆರಡೂ ಒಂದನ್ನೊಂದು ಮುಟ್ಟಿದಾಗ ಹುಟ್ಟುವ ಹೊಸ ಅರ್ಥವನ್ನು.

ಈಗ ನನ್ನ ಹಳೆಯ ಕಾರಣಕ್ಕೆ ಬರುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂದು ಮೌಲ್ಯಮಾಪನ ಕೇಂದ್ರದಲ್ಲಿ ಕನ್ನಡ ಪತ್ರಿಕೆ ತಿದ್ದುತ್ತಿದ್ದೆ. ರಣರಂಗವನ್ನು ಸುಗ್ಗಿಯ ಕಣಕ್ಕೆ ಹೋಲಿಸಿದ ಒಂದು ಪದ್ಯವನ್ನು ಕೊಟ್ಟು, ಅಲಂಕಾರವನ್ನು ಹೆಸರಿಸಿ ಸಮನ್ವಯಿಸಿ ಎಂದು ಕೇಳಲಾಗಿತ್ತು, ನಾಲ್ಕು ಅಂಕ. ಒಬ್ಬ ವಿದ್ಯಾರ್ಥಿ ಹೆಸರನ್ನೂ ಬರೆದಿರಲಿಲ್ಲ, ಲಕ್ಷಣವನ್ನೂ ಬರೆದಿರಲಿಲ್ಲ. ತಮ್ಮೂರ ಕಣದಲ್ಲಿ ಮೇಟಿಯ ಸುತ್ತ ತಿರುಗುವ ಎತ್ತುಗಳಿಗೆ ತಾವು ಏನನ್ನು ತುಳಿಯುತ್ತಿದ್ದೇವೆಂಬುದು ತಿಳಿಯದು, ಯುದ್ಧದ ಆನೆಗಳಿಗೂ ತಿಳಿಯದು, ಕಣದಲ್ಲಿ ಕಾಳಾದರೂ ಉಳಿಯುತ್ತದೆ, ಇಲ್ಲಿ ಉಳಿಯುವುದೇನು ಎಂದು ಕವಿ ಕೇಳುತ್ತಿದ್ದಾನೆ ಎಂಬುದಾಗಿ ಬರೆದಿದ್ದ. ಹೆಸರೇ ಇಲ್ಲವಾದ ಮೇಲೆ ಅಂಕವೆಲ್ಲಿಯದು? ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ಮುಂದಿನ ಪತ್ರಿಕೆಗೆ ಕೈಹಾಕಿದೆ. ಆ ರಾತ್ರಿ ಊಟಕ್ಕೆ ಕುಳಿತಾಗ ಆ ಎತ್ತುಗಳು ಕಣ್ಣಮುಂದೆ ಬಂದವು. ಮರುದಿನ ಹೋಗಿ ವಿಚಾರಿಸುವ ಹೊತ್ತಿಗೆ ಕಟ್ಟು ಮೊಹರಾಗಿ ಹೋಗಿತ್ತು. ಅವನು ಯಾರೋ, ಎಲ್ಲಿದ್ದಾನೋ ನನಗೆ ತಿಳಿಯದು. ನಾನು ತಿದ್ದಿದ ಸಾವಿರಾರು ಉತ್ತರಗಳಲ್ಲಿ ನೆನಪಿನಲ್ಲಿ ಉಳಿದಿರುವುದು ಅದೊಂದೇ.

ಸಮನ್ವಯ ಎಂಬ ಪದ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಇನ್ನೂ ಉಳಿದಿದೆ. ಲಕ್ಷಣವನ್ನೂ ಲಕ್ಷ್ಯವನ್ನೂ ಕೂಡಿಸಿ, ಇಲ್ಲಿ ಈ ಅಲಂಕಾರ ಮಾಡುತ್ತಿರುವ ಕೆಲಸವೇನು ಎಂದು ತೋರಿಸುವುದೇ ಅದರ ಅರ್ಥ. ಹೆಸರು ಬೇಡವೆಂದು ನಾನು ಹೇಳುವುದಿಲ್ಲ. ಹೆಸರಿಲ್ಲದೆ ಒಬ್ಬರ ಅನುಭವವನ್ನು ಇನ್ನೊಬ್ಬರಿಗೆ ದಾಟಿಸುವುದು ಕಷ್ಟ. ಆದರೆ ಆ ವಿದ್ಯಾರ್ಥಿ ಬರೆದದ್ದು ಶುದ್ಧ ಸಮನ್ವಯ. ಅದನ್ನು ಗುರುತಿಸಲಾರದೆ ಹೋದವನು ಹೆಸರುಗಳನ್ನೆಲ್ಲ ಬಲ್ಲ ನಾನು.

ಅಂದು ಸಂಜೆ ಮೊಮ್ಮಗಳಿಗೆ ಗ್ರೀಸಿನ ಲಾರಿಯ ಕಥೆ ಹೇಳಿದೆ. ದೊಡ್ಡ ಗಂಟಲಿನ ಸುಳ್ಳುಗಾರನನ್ನು ಕೇಳಿ ಅವಳು ನಕ್ಕಳು. ಆಮೇಲೆ, 'ಪುಸ್ತಕ ಮುಚ್ಚಿ ನೀನೇ ಒಂದು ಹೇಳು' ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಡಿಗೆಮನೆಯಲ್ಲಿ ಕುಕ್ಕರು ಮೂರನೆಯ ಸಲ ಸೀಟಿ ಹೊಡೆಯಿತು. 'ಕುಕ್ಕರಿಗೆ ಅಜ್ಜಿಯ ಮೇಲೆ ಸಿಟ್ಟು ಬಂದಿದೆ' ಎಂದಳು. ಮರುಕ್ಷಣವೇ, 'ಇದರ ಹೆಸರೇನು ತಾತ, ಪರ್ಸಾನಿಫಿಕೇಶನ್ ತಾನೆ?' ಎಂದು ಕೇಳಿದಳು. ಹೌದೆಂದೆ. 'ಅಜ್ಜಿಯ ಮೇಲೆಯೇ ಏಕೆ ಸಿಟ್ಟು?' ಎಂದು ಕೇಳಿದೆ. ಅವಳು ಯೋಚಿಸತೊಡಗಿದಳು.