ಹಳೆಯ ಮಸೂರದಲ್ಲಿ ಮಲೆನಾಡಿನ ದಿನಚರಿ

ಸಾಗರದಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ್ದ ಹಿರಿಯರೊಬ್ಬರು ಅಂಗಡಿ ಖಾಲಿ ಮಾಡುವಾಗ ನನ್ನನ್ನು ಕರೆಸಿದ್ದರು. "ಮೇಷ್ಟ್ರೇ, ಇದನ್ನು ಗುಜರಿಗೆ ಹಾಕಲು ಮನಸ್ಸು ಬರ್ತಿಲ್ಲ. ನಿಮ್ಮ ಲ್ಯಾಬಿಗಾದರೂ ಆಗ್ತದೆ, ತಗೊಳ್ಳಿ" ಎಂದು ಒಂದು ಮಸೂರವನ್ನು ಕೈಗಿಟ್ಟರು. ಸೋವಿಯತ್ ಒಕ್ಕೂಟದಲ್ಲಿ ತಯಾರಾದ 'ಹೆಲಿಯೋಸ್ 44-2' ಅದು. ಸಂಗಮದೂರ 58 ಮಿ.ಮೀ. ಹೊಸ ಮಸೂರದ ಬೆಲೆಯ ಸಣ್ಣದೊಂದು ಪಾಲಿಗೆ ಇಂದೂ ಸಿಗುವಂಥದು. ಅಂದಿನಿಂದ ಅದನ್ನು ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿಕೊಂಡು ಸಾಗರದ ಸಂತೆ, ಹೊಸನಗರದ ಬಸ್ ನಿಲ್ದಾಣ, ತೀರ್ಥಹಳ್ಳಿಯ ತುಂಗಾ ತೀರಗಳ ಚಿತ್ರ ತೆಗೆಯುತ್ತಿದ್ದೇನೆ. ಇಷ್ಟು ಹಳೆಯ ಮಸೂರ ಇಂದಿನ ಕ್ಯಾಮೆರಾದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲೆಕ್ಕದಿಂದ ಹುಟ್ಟಿದ ಮಸೂರ

ಒಂಟಿ ಪೀನಮಸೂರ ಬಿಂಬವನ್ನೇನೋ ಮೂಡಿಸುತ್ತದೆ. ಆದರೆ ಬೇರೆ ಬೇರೆ ಬಣ್ಣಗಳು ಬೇರೆ ಬೇರೆ ದೂರದಲ್ಲಿ ಸಂಗಮಿಸುತ್ತವೆ. ಅಂಚಿನ ಕಿರಣಗಳೂ ನಡುವಿನ ಕಿರಣಗಳೂ ಒಂದೆಡೆ ಕೂಡುವುದಿಲ್ಲ. ಈ ದೋಷಗಳನ್ನು ಮೊದಲೇ ಗಣಿಸಿ ಮಸೂರ ರಚಿಸಿದವನು ವಿಯೆನ್ನಾದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್. ವರ್ಷ 1840. ಲೆಕ್ಕ ಮಾಡಲು ಅವನಿಗೆ ಸೈನ್ಯದ ಫಿರಂಗಿ ದಳದವರ ನೆರವು ದೊರೆತಿತ್ತು. 1893ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಮೂರೇ ಗಾಜುಗಳಿಂದ ಮುಖ್ಯ ದೋಷಗಳನ್ನೆಲ್ಲ ಹತೋಟಿಗೆ ತಂದ. 1902ರಲ್ಲಿ ಜರ್ಮನಿಯ ಜೈಸ್ ಕಂಪನಿಯ ಪಾಲ್ ರುಡಾಲ್ಫ್ ನಾಲ್ಕು ಗಾಜುಗಳ 'ಟೆಸ್ಸಾರ್' ರೂಪಿಸಿದ. ಅದೇ ಕಂಪನಿಯ 'ಬಯೋಟಾರ್' ಮಸೂರದ ವಿನ್ಯಾಸವನ್ನು ಅನುಸರಿಸಿ 1958ರಲ್ಲಿ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿ ಹೆಲಿಯೋಸ್-44 ತಯಾರಿಕೆ ಆರಂಭವಾಯಿತು. ಮುಂದೆ ಲಕ್ಷಗಟ್ಟಲೆ ತಯಾರಾದುದರಿಂದಲೇ ಅದು ಇಂದಿಗೂ ಅಗ್ಗ.

ವಕ್ರೀಭವನದ ನಿಯಮ ಅಂದಿಗೂ ಇಂದಿಗೂ ಒಂದೇ. ಮಸೂರದ ಹಿಂದೆ ಫಿಲ್ಮ್ ಇದೆಯೋ ಸಿಲಿಕಾನ್ ಸಂವೇದಕವಿದೆಯೋ ಎಂಬುದು ಕಿರಣಕ್ಕೆ ಗೊತ್ತಿಲ್ಲ. ಅದಕ್ಕೆ ಬೇಕಾದುದು ಸರಿಯಾದ ದೂರ ಮಾತ್ರ.

ಒಂದು ಮಿಲಿಮೀಟರಿನ ಮಹತ್ವ

ಹೆಲಿಯೋಸ್ 44-2ರ ಹಿಂಬದಿಯಲ್ಲಿ 42 ಮಿ.ಮೀ. ವ್ಯಾಸದ ತಿರುಪು ಇದೆ. ಈ ಬಗೆಯ ಮಸೂರದ ಆಸನದಿಂದ ಫಿಲ್ಮಿಗೆ ಇರಬೇಕಾದ ದೂರ 45.46 ಮಿ.ಮೀ. ಕ್ಯಾನನ್ ಕಂಪನಿಯ ಕನ್ನಡಿಯುಳ್ಳ ಡಿಜಿಟಲ್ ಕ್ಯಾಮೆರಾಗಳಲ್ಲಿ ಈ ದೂರ 44 ಮಿ.ಮೀ.; ನಡುವೆ 1.46 ಮಿ.ಮೀ. ದಪ್ಪದ ಉಂಗುರ ಸಾಕು. ನಿಕಾನ್ ಕ್ಯಾಮೆರಾಗಳಲ್ಲಿ ಅದು 46.5 ಮಿ.ಮೀ. ಅಂದರೆ ಮಸೂರ 1.04 ಮಿ.ಮೀ.ನಷ್ಟು ಮುಂದೆ ನಿಲ್ಲುತ್ತದೆ. ಅಷ್ಟರಿಂದ ಏನಾದೀತು ಎನ್ನುವಿರಾ? ಸಂಗಮದೂರದ ವರ್ಗವನ್ನು, ಅಂದರೆ 3364ನ್ನು, 1.04ರಿಂದ ಭಾಗಿಸಿ. ಸುಮಾರು 3.2 ಮೀಟರಿಗಿಂತ ದೂರದ್ದೆಲ್ಲ ಮಸುಕಾಗುತ್ತದೆ! ಎದುರಿನ ಮನುಷ್ಯ ಸ್ಪಷ್ಟ, ಹಿಂದಿನ ಗುಡ್ಡ ಇಲ್ಲ.

2008ರಿಂದ ಕನ್ನಡಿಯಿಲ್ಲದ ಕ್ಯಾಮೆರಾಗಳು ಬಂದವು. ಸೋನಿ ಕಂಪನಿ 2010ರಲ್ಲಿ ತಂದ ಮಾದರಿಯಲ್ಲಿ ಈ ದೂರ 18 ಮಿ.ಮೀ. ಮಾತ್ರ. ಉಳಿದ 27.46 ಮಿ.ಮೀ.ಗೆ ಒಂದು ಟೊಳ್ಳು ಕೊಳವೆ ಜೋಡಿಸಿದರಾಯಿತು. ಮೂಲೆ ಸೇರಿದ್ದ ಮಸೂರಗಳು ಮತ್ತೆ ಬೆಳಕು ಕಂಡದ್ದು ಹೀಗೆ. ಫೋಕಸ್ಸನ್ನೂ ರಂಧ್ರದ ಅಳತೆಯನ್ನೂ ಕೈಯಿಂದಲೇ ಹೊಂದಿಸಬೇಕು, ಅಷ್ಟೆ.

ಒಳ್ಳೆಯ ಕಲೆ, ಕೆಟ್ಟ ಕಲೆ

ಗಾಳಿಯಿಂದ ಗಾಜಿಗೆ ಹೋಗುವ ಬೆಳಕಿನಲ್ಲಿ ಸುಮಾರು ಶೇ. 4 ಪ್ರತಿಫಲನಗೊಳ್ಳುತ್ತದೆ. ಹೆಲಿಯೋಸ್‌ನಲ್ಲಿ ಇಂಥ ಎಂಟು ಮೇಲ್ಮೈಗಳಿವೆ. ಲೇಪನವಿಲ್ಲದಿದ್ದರೆ ಕಾಲು ಭಾಗಕ್ಕೂ ಹೆಚ್ಚು ಬೆಳಕು ನಷ್ಟ. 1890ರ ದಶಕದಲ್ಲಿ ಟೇಲರ್ ಒಂದು ವಿಚಿತ್ರ ಗಮನಿಸಿದ: ಹಳತಾಗಿ ಮಾಸಿದ ಮಸೂರ ಹೊಸದಕ್ಕಿಂತ ಹೆಚ್ಚು ಬೆಳಕನ್ನು ಸಾಗಿಸುತ್ತಿತ್ತು! ಮಾಸಿದ ತೆಳುಪದರವೇ ಪ್ರತಿಫಲನವನ್ನು ತಗ್ಗಿಸಿತ್ತು. 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಕುಲಾ ನಿರ್ವಾತದಲ್ಲಿ ಇಂಥ ಪದರ ಲೇಪಿಸುವ ವಿಧಾನ ಕಂಡುಹಿಡಿದ. ಮೆಗ್ನೀಸಿಯಮ್ ಫ್ಲೋರೈಡ್‌ನ ಸುಮಾರು 100 ನ್ಯಾನೋಮೀಟರ್ ಪದರ ಶೇ. 4ನ್ನು ಶೇ. 1.3ರ ಆಸುಪಾಸಿಗೆ ಇಳಿಸಬಲ್ಲದು. ಹಳೆಯ ಒಂಟಿ ಪದರದ ಲೇಪನ ಇಂದಿನ ಬಹುಪದರದಷ್ಟು ಸಮರ್ಥವಲ್ಲ. ಬೆಳಕಿಗೆ ಎದುರಾಗಿ ತೆಗೆದರೆ ಚಿತ್ರದ ಮೇಲೆ ಮಂಜಿನಂಥ ತೆರೆ ಬರುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ಬಗೆಯ ಕಲೆಯಿದೆ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲೇ; ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ತೇವದಲ್ಲಿ ಶಿಲೀಂಧ್ರ ಮಸೂರದೊಳಗೆ ಜೇಡರ ಬಲೆಯಂತೆ ಹರಡುತ್ತದೆ. ಅದು ಸ್ರವಿಸುವ ಆಮ್ಲ ಲೇಪನವನ್ನೂ ಕೊನೆಗೆ ಗಾಜನ್ನೂ ಕೊರೆಯುತ್ತದೆ. ನನ್ನ ತಂದೆಯವರ ಕ್ಯಾಮೆರಾವನ್ನು ನಾವು ಜೋಪಾನವೆಂದು ಚರ್ಮದ ಚೀಲದಲ್ಲೇ ಅಟ್ಟದ ಮೇಲೆ ಇಟ್ಟಿದ್ದೆವು. ಚರ್ಮ ತೇವವನ್ನು ಹಿಡಿದಿಟ್ಟಿತು. ಹಲವು ಮಳೆಗಾಲಗಳ ನಂತರ ತೆಗೆದು ನೋಡಿದರೆ ಗಾಜು ಹಾಲಿನಂತೆ ಬೆಳ್ಳಗಾಗಿತ್ತು. ಒರೆಸಿದರೂ ಕೊರೆದ ಗುರುತು ಹೋಗಲಿಲ್ಲ. ಗಾಳಿಯಾಡದ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್ ಇದ್ದಿದ್ದರೆ ಅದು ಉಳಿಯುತ್ತಿತ್ತು.

ತೆಗೆಯದೆ ಹೋದ ಚಿತ್ರಗಳು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ನುಂಗಿತು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಈಗಲೂ ತಲೆಯೆತ್ತುತ್ತದೆ. ಮುಳುಗಡೆಯ ಊರಿಂದ ಬಂದ ನನ್ನ ಪರಿಚಯದ ಮನೆಗಳಲ್ಲಿ ಹಳೆಯ ಫೋಟೊ ಕೇಳಿದರೆ ಮದುವೆಯ ಗುಂಪುಚಿತ್ರ ತೋರಿಸುತ್ತಾರೆ. ಅಂಗಳ, ಕೊಟ್ಟಿಗೆ, ಹೊಳೆಗೆ ಇಳಿಯುವ ದಾರಿಯ ಚಿತ್ರ ಇಲ್ಲ. ಫಿಲ್ಮಿನ ಒಂದು ಸುರುಳಿಗೆ 36 ಚಿತ್ರ. ದಿನವೂ ಕಾಣುವ ಕೊಟ್ಟಿಗೆಗೆ ಯಾರು ಖರ್ಚು ಮಾಡಿಯಾರು?

ಸಿಗಂದೂರಿಗೆ ಹೋಗುವ ಲಾಂಚಿನ ಚಿತ್ರಗಳನ್ನು ನಾನು ಇದೇ ಹೆಲಿಯೋಸ್‌ನಲ್ಲಿ ತೆಗೆದಿದ್ದೆ. ಹಗ್ಗ ಎಸೆಯುವ ಕೈ, ಬಸ್ಸಿನ ಪಕ್ಕ ನಿಂತ ಶಾಲೆಯ ಮಕ್ಕಳು, ಎದುರು ಬಿಸಿಲಿನಿಂದ ತೆಳುವಾಗಿ ಮಂಜು ಕವಿದ ಹಿನ್ನೀರು. ಆಗ ಅವು ಏನೂ ವಿಶೇಷವಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಲಾಂಚಿಗಾಗಿ ಕಾಯುವ ದಿನಗಳು ಮುಗಿದವು. ಆ ಚಿತ್ರಗಳು ದಾಖಲೆಗಳಾದವು.

ಅಧ್ಯಾಪಕ ಮಿತ್ರರೇ, ನಿಮ್ಮ ಶಾಲೆಯ ಕಪಾಟಿನಲ್ಲೋ ಊರಿನ ಹಳೆಯ ಸ್ಟುಡಿಯೊದಲ್ಲೋ ಇಂಥ ಮಸೂರ ಇದ್ದೀತು. ಮುಂದಿನ ಮಳೆಗಾಲಕ್ಕೆ ಮುನ್ನ ಹೊರತೆಗೆದು ಟಾರ್ಚಿನ ಬೆಳಕಿನಲ್ಲಿ ಪರೀಕ್ಷಿಸಿ. ಕತ್ತಲ ಕೋಣೆಯ ಗೋಡೆಯ ಮೇಲೆ ಕಿಟಕಿಯಾಚೆಯ ಮರದ ತಲೆಕೆಳಗಾದ ಬಿಂಬವನ್ನು ಮಕ್ಕಳಿಗೆ ತೋರಿಸಿ. ಆಮೇಲೆ ಅದನ್ನು ಕ್ಯಾಮೆರಾಕ್ಕೆ ಜೋಡಿಸಿ ಅವರ ಕೈಗೇ ಕೊಡಿ. ತಮ್ಮ ಮನೆಯ ಅಂಗಳದಿಂದ ಶುರುಮಾಡಲಿ.