ಹಾಡಿಗೊಂದು ಮುನ್ನುಡಿ: ಕುರನೂರಿನಲ್ಲಿ ಕೇಳಿದ ಒಂದು ಮಾತು

ಚಾದರದ ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋದವನು ಒಮ್ಮೆ ಅಕ್ಕಲಕೋಟೆ ತಾಲೂಕಿನ ಕುರನೂರಿನಲ್ಲಿ ಒಂದು ರಾತ್ರಿ ಉಳಿದಿದ್ದೆ. ನಮಗೆ ಮಾಲು ಕಳಿಸುವ ವ್ಯಾಪಾರಿಯ ಅಕ್ಕನ ಮನೆ ಅಲ್ಲಿದೆ. ಬೋರಿ ನದಿಗೆ ಅಲ್ಲಿ ಕಟ್ಟಿದ ಅಣೆಕಟ್ಟಿಗೂ ಆ ಊರಿನದೇ ಹೆಸರು. ದಾರಿಯುದ್ದಕ್ಕೂ ಬೋರ್ಡುಗಳೆಲ್ಲ ಮರಾಠಿ, ಬಸ್ಸಿನೊಳಗಿನ ಮಾತು ಮಾತ್ರ ಕನ್ನಡ.

ಸಂಜೆ ಚಹಾದಂಗಡಿಯಲ್ಲಿ ಕೂತಿದ್ದಾಗ ಅಂಗಡಿಯ ಹುಡುಗನ ಮೊಬೈಲಿನಲ್ಲಿ ಗೀಗೀ ಪದವೊಂದು ಬರುತ್ತಿತ್ತು. ದಪ್ಪಿನ ಪೆಟ್ಟು, ತುಂತುಣಿಯ ನಾದ, ಒಬ್ಬ ಹೆಂಗಸಿನ ಗಟ್ಟಿ ದನಿ. ಚೆನ್ನಾಗಿತ್ತು. ಯಾರು ಹಾಡಿದ್ದು ಎಂದು ಕೇಳಿದೆ.

"ಯಾರಿಗ್ಗೊತ್ರೀ, ಯೂಟ್ಯೂಬಿನಾಗ ಬಂತು, ಹಚ್ಚೀನಿ" ಎಂದ.

ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ನನ್ನ ಕಡೆ ತಿರುಗಿದರು. "ಯಾರು ಹಾಡಿದ್ರು ಅಂತ ಅಷ್ಟ ಕೇಳಬ್ಯಾಡ್ರಿ ಸಾವ್ಕಾರ. ಇದು ಸವಾಲ. ಇದಕ ಜವಾಬು ಯಾರು ಹಾಡಿದ್ರು ಅಂತ ಕೇಳ್ರಿ. ಬರೇ ಸವಾಲ ಕೇಳಿದ್ರ ಅರ್ಧಾ ಹಾಡು ಕೇಳಿದಂಗ" ಎಂದರು.

ಆ ಮಾತು ನನ್ನ ಜೊತೆ ಊರಿನವರೆಗೂ ಬಂತು. ಯಾಕೆಂದರೆ ಅಂಥದೇ ಒಂದು ಸಂಗತಿ ನಮ್ಮ ಮನೆಯಲ್ಲೂ ಆಗಿತ್ತು. ನನ್ನ ಉಮ್ಮ ಮೈಲಾಂಜಿ ರಾತ್ರಿಗಳಲ್ಲಿ ಹಾಡುತ್ತಿದ್ದವರು. ಅವರು ತೀರಿಕೊಳ್ಳುವ ಮೊದಲು ತಂಗಿಯ ಮಗ ಮೊಬೈಲಿನಲ್ಲಿ ಒಂದು ಪಾಟ್ ಹಿಡಿದಿಟ್ಟಿದ್ದ. ಆಮೇಲೆ ಹಾಡುಗಳನ್ನು ಆಪ್‌ಗಳಿಗೆ ತಲುಪಿಸುವ ಒಂದು ಕಂಪನಿಯ ಮೂಲಕ ಅದನ್ನು ಹಾಕಿಸಿದ. ಫಾರಂನಲ್ಲಿ ಭಾಷೆ ಯಾವುದೆಂದು ಆರಿಸಬೇಕಿತ್ತು. ಪಟ್ಟಿಯಲ್ಲಿ ಬ್ಯಾರಿ ಇರಲಿಲ್ಲ. ಹುಡುಗ ಮಲಯಾಳ ಎಂದು ಒತ್ತಿದ. ಕಲಾವಿದರ ಜಾಗದಲ್ಲಿ ತನ್ನ ಚಾನೆಲ್ಲಿನ ಹೆಸರು ಹಾಕಿದ. ಹೀಗೆ ನನ್ನ ಉಮ್ಮನ ದನಿ ಇಡೀ ಜಗತ್ತಿಗೆ ಸಿಕ್ಕಿತು, ಉಮ್ಮ ಸಿಗಲಿಲ್ಲ.

ಸೊಲ್ಲಾಪುರದ ಊರಿಗೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕಾಸರಗೋಡಿನಲ್ಲಿ ನೆಂಟರಿರುವ ಬ್ಯಾರಿ ಮನೆಗಳಿಗೆ ಸಂಬಂಧ ಇದೆ. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಸೇರಿಸಲು ಹೇಳಿತ್ತು. ಎರಡೂ ಸೇರಲಿಲ್ಲ. ಒಂದು ರಾಜ್ಯದ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬಂತೆ ಬದುಕುವವರಿಗೆ ಹಾಡು ಬರೀ ಮನರಂಜನೆಯಲ್ಲ. ತಾನು ಯಾರೆಂದು ಹೇಳಿಕೊಳ್ಳಲು ಉಳಿದಿರುವ ಕೆಲವೇ ಜಾಗಗಳಲ್ಲಿ ಅದೂ ಒಂದು. ಆ ಹಾಡಿನ ಮೇಲೆ ಹೆಸರು ತಪ್ಪಿದರೆ ನಷ್ಟ ದೊಡ್ಡದು.

ಕುರನೂರಿಗೆ ಬರುವ ಬೋರಿ ನದಿ ಮೇಲ್ಗಡೆ ನಳದುರ್ಗದ ಕೋಟೆಯೊಳಗೆ ಹಾದು ಬರುತ್ತದೆ. ಅಲ್ಲಿ 1613ರಲ್ಲಿ ಕಟ್ಟಿದ ಒಡ್ಡಿನ ಒಳಗೆ ಒಂದು ಪಾನಿ ಮಹಲ್ ಇದೆ. ಮಳೆಗಾಲದಲ್ಲಿ ನೀರು ಅದರ ಮೇಲಿಂದ ಧುಮುಕುತ್ತದೆ, ಒಳಗೆ ಕೂತವರು ನೆನೆಯುವುದಿಲ್ಲ. ಅದು ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದ್ದು. 1580ರಿಂದ 1627ರವರೆಗೆ ಆಳಿದ ಆ ದೊರೆ ಸ್ವತಃ ಸಂಗೀತಗಾರ, ಜನ ಅವನನ್ನು ಜಗದ್ಗುರು ಎಂದು ಕರೆದರು. ದಖನಿ ಭಾಷೆಯಲ್ಲಿ ಅವನು ಕಟ್ಟಿದ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್'. ಅದರಲ್ಲಿ 59 ಹಾಡುಗಳಿವೆ. ಹಾಡುಗಳನ್ನು ಯಾವ ಯಾವ ರಾಗದಲ್ಲಿ ಹಾಡಬೇಕೆಂದು ಹೇಳಿದೆ. ಸರಸ್ವತಿಯ ಹೆಸರೂ ಕಲಬುರ್ಗಿಯ ಖ್ವಾಜಾ ಗೇಸುದರಾಜರ ಹೆಸರೂ ಅದರಲ್ಲಿ ಬರುತ್ತವೆ.

ಆ ಪುಸ್ತಕಕ್ಕೆ ಜುಹೂರಿ ಎಂಬ ಕವಿ ಪಾರ್ಸಿಯಲ್ಲಿ ಒಂದು ಮುನ್ನುಡಿ ಬರೆದ. ಇರಾನಿನ ಕಡೆಯಿಂದ ದಖ್ಖನಿಗೆ ಬಂದು 1616ರಲ್ಲಿ ತೀರಿಕೊಂಡವನು. ಆಸ್ಥಾನದ ಕವಿ, ಹಾಗಾಗಿ ಹೊಗಳಿಕೆ ಧಾರಾಳವಾಗಿದೆ. ಆದರೂ ಒಬ್ಬ ಹಾಡು ಕಟ್ಟಿದ, ಇನ್ನೊಬ್ಬ ಅದನ್ನು ಹೇಗೆ ಕೇಳಬೇಕು ಎಂದು ಬರೆದ ಎಂಬುದು ನಮ್ಮ ನಾಡಿನ ಸಂಗೀತ ವಿಮರ್ಶೆಯ ಚರಿತ್ರೆಯಲ್ಲಿ ಸಣ್ಣ ಮಾತಲ್ಲ. ಇಂದು ನೌರಸಿನ ಪದಗಳಿವೆ, ರಾಗದ ಹೆಸರುಗಳಿವೆ, ಮುನ್ನುಡಿಯೂ ಇದೆ. ಇಬ್ರಾಹಿಂ ಹಾಡಿದ ಧಾಟಿ ಮಾತ್ರ ಇಲ್ಲ. ಅದನ್ನು ಹಿಡಿದಿಡುವ ಯಂತ್ರ ಆಗ ಇರಲಿಲ್ಲ.

ಅದೇ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಏನಾಗುತ್ತಿತ್ತು ನೋಡಿ. 1607ರಲ್ಲಿ ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ಅರಬಿ-ಮಲಯಾಳದಲ್ಲಿ 'ಮುಹ್ಯಿದ್ದೀನ್ ಮಾಲೆ' ಬರೆದರು. ಮಗ್ರಿಬ್ ಆದ ಮೇಲೆ ಮನೆಯ ಹಿರಿಯರು ಕೂತು ಅದನ್ನು ಹಾಡುತ್ತಿದ್ದುದು ನಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರಬಹುದು. ತಾನು ಯಾರು, ಯಾವ ಊರಿನವನು, ಕೊಲ್ಲಂ ವರ್ಷ 782ರಲ್ಲಿ ಇದನ್ನು ಬರೆದೆ ಎಂದು ಕವಿ ಮಾಲೆಯ ಒಳಗೇ ಹೇಳಿಬಿಟ್ಟಿದ್ದಾರೆ. ಯಾರು ಹೊಸದಾಗಿ ನಕಲು ಮಾಡಿದರೂ, ಯಾರು ಹಾಡಿದರೂ, ಆ ವಿವರ ಹಾಡಿನಿಂದ ಕಳಚಿಕೊಳ್ಳುವುದಿಲ್ಲ. 400 ವರ್ಷ ದಾಟಿದ ಮೇಲೂ ಖಾಝಿಯವರ ಹೆಸರು ಹಾಡಿನ ಜೊತೆಗೇ ಇದೆ.

ಗ್ರಾಮಫೋನಿನ ಮೊದಲ ದಿನಗಳಲ್ಲೂ ಇದೇ ಉಪಾಯ ಕಾಣುತ್ತದೆ. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಹಾಡು ಮುದ್ರಿಸಿದ. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಲ್ಲ? ಅದಕ್ಕೆ ಮೂರು ನಿಮಿಷದ ಹಾಡಿನ ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಹಳೆಯ ತಟ್ಟೆಗಳಲ್ಲಿ ಇವತ್ತೂ ಕೇಳಬಹುದು.

ಕುರನೂರಿನಿಂದ ದಕ್ಷಿಣಕ್ಕೆ ಭೀಮೆ ದಾಟಿದರೆ ವಿಜಯಪುರ ಜಿಲ್ಲೆಯ ಹಲಸಂಗಿ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಎಂಬ ಗೆಳೆಯರ ಗುಂಪು ಹಳ್ಳಿಯ ಹಾಡುಗಳನ್ನು ಬರೆದುಕೊಂಡಿತು. 1931ರಲ್ಲಿ 'ಗರತಿಯ ಹಾಡು' ಬಂತು. ಅದಕ್ಕೆ ಬಿ.ಎಂ. ಶ್ರೀಕಂಠಯ್ಯನವರ ಮುನ್ನುಡಿ. ಬೀಸುವಾಗ ಹೆಂಗಸರು ಹಾಡುವ ಪದಗಳನ್ನು ಕಾವ್ಯವೆಂದು ಓದಬೇಕೆಂದು ಕನ್ನಡದ ಓದುಗರು ಕಲಿತದ್ದರಲ್ಲಿ ಆ ಕೆಲವು ಪುಟಗಳ ಪಾಲು ದೊಡ್ಡದು. 1933ರಲ್ಲಿ ಲಾವಣಿಗಳ ಸಂಗ್ರಹ 'ಜೀವನ ಸಂಗೀತ' ಬಂತು. ಹಲಸಂಗಿಯ ಲಾವಣಿಕಾರ ಖಾಜಾಭಾಯಿಯಂಥವರ ಹೆಸರು ನಮಗೆ ತಲುಪಿದ್ದು ಈ ಗೆಳೆಯರಿಂದ. ಹಾಡಿದವನೂ ಮುಸ್ಲಿಮ, ಕೂಡಿಸಿಟ್ಟವರಲ್ಲಿ ಒಬ್ಬನೂ ಮುಸ್ಲಿಮ, ಹಾಡು ಕನ್ನಡ. ಮನೆಮಾತು ಬೇರೆಯಾದರೂ ಕನ್ನಡದಲ್ಲಿ ಓದಿ ಬರೆದ ನಮಗೆ ಇದು ತಿಳಿದಿರಬೇಕಾದ ಚರಿತ್ರೆ.

ಮರಾಠಿಯ ಕಡೆ ಕೇಶವರಾವ್ ಭೋಳೆ ಅವರು ಏಕಲವ್ಯ ಎಂಬ ಹೆಸರಿನಲ್ಲಿ ಗಾಯಕರ ಬಗ್ಗೆ ಬರೆದರು. ಅವರೇ 1936ರ 'ಸಂತ ತುಕಾರಾಂ' ಚಿತ್ರಕ್ಕೆ ಸಂಗೀತ ಕೊಟ್ಟವರು. ಹಾಡು ಕಟ್ಟುವ ಕಷ್ಟ ಗೊತ್ತಿದ್ದವನು ಹಾಡಿನ ಬಗ್ಗೆ ಬರೆದರೆ ಅದರ ಬೆಲೆ ಬೇರೆ.

ಈಗ ನಮ್ಮ ಕಾಲಕ್ಕೆ ಬರೋಣ. ಸೊಲ್ಲಾಪುರ ಜಿಲ್ಲೆಯ ಕರ್ಮಾಳಾ ಕಡೆಯ ನಾಗರಾಜ ಮಂಜುಳೆ 2016ರಲ್ಲಿ 'ಸೈರಾಟ್' ತೆಗೆದರು. ಅಜಯ್-ಅತುಲ್ ಅದರ ಹಾಡುಗಳಿಗೆ ಹಳ್ಳಿಯ ಕುಣಿತದ ಪೆಟ್ಟನ್ನೂ ಅಮೆರಿಕದಲ್ಲಿ ಮುದ್ರಿಸಿದ ವಾದ್ಯವೃಂದವನ್ನೂ ಕೂಡಿಸಿದರು. ಮರುವರ್ಷ ಅದೇ ಕಥೆ 'ಮನಸು ಮಲ್ಲಿಗೆ'ಯಾಗಿ ಕನ್ನಡಕ್ಕೆ ಬಂತು. ಪತ್ರಿಕೆಗಳು ಈ ಸಂಗೀತದ ಬಗ್ಗೆ ಧಾರಾಳವಾಗಿ ಬರೆದವು. ಇನ್ನೊಂದು ಕಡೆ ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಇದ್ದಾರೆ. 'ನಾ ಡ್ರೈವರ' ಎಂಬ ಅವರ ಹಾಡು ಯೂಟ್ಯೂಬಿನಿಂದ ಟ್ರ್ಯಾಕ್ಟರುಗಳಿಗೂ ಮದುವೆ ಚಪ್ಪರಗಳಿಗೂ ಹರಡಿತು. ಹಿಂದೆ ದೊಡ್ಡ ಕಂಪನಿ ಇಲ್ಲ, ಮುಂದೆ ವಿಮರ್ಶಕರೂ ಇಲ್ಲ. ಇದನ್ನು ನಾನು ಅವರ ಸೋಲೆಂದು ಹೇಳುತ್ತಿಲ್ಲ, ಹಳ್ಳಿಯ ಹುಡುಗನೊಬ್ಬ ಯಾರ ಅಪ್ಪಣೆಯೂ ಬೇಡದೆ ಕೇಳುಗರನ್ನು ತಲುಪಿದ್ದು ಒಳ್ಳೆಯದೇ. ಆದರೆ ಅಂಥ ಹಾಡುಗಳ ಬಗ್ಗೆ ಯಾರಾದರೂ ಕೂತು ಬರೆಯಬೇಕಿತ್ತು. ಮಾತಿನ ಸೊಗಸು, ದುಡಿಯುವ ಹುಡುಗನ ಪ್ರೀತಿಯನ್ನು ಅವನ ಕೆಲಸದ ಪದಗಳಲ್ಲೇ ಹೇಳುವ ಜಾಣತನ ಇವುಗಳ ಬಲ. ಹಾಡು ಬದಲಾದರೂ ಕೀಬೋರ್ಡಿನ ಪೆಟ್ಟು ಬದಲಾಗದಿರುವುದು ಈ ಬಗೆಯ ಹಾಡುಗಳ ದೌರ್ಬಲ್ಯ. ಇಷ್ಟನ್ನು ನೇರವಾಗಿ ಹೇಳುವವರಿದ್ದರೆ ಹಾಡುವವರಿಗೂ ಲಾಭ. 'ಪೇಟೆಯವರಿಗೆ ರುಚಿಸದ್ದು' ಎಂದು ಪಕ್ಕಕ್ಕಿಡುವುದು ವಿಮರ್ಶೆಯಲ್ಲ. 'ಕೋಟಿ ಜನ ನೋಡಿದರು' ಎನ್ನುವುದೂ ವಿಮರ್ಶೆಯಲ್ಲ.

ಎಣಿಕೆ ಹೇಗೆ ನಡೆಯುತ್ತದೆ ಎಂಬುದನ್ನೂ ತಿಳಿದಿರಬೇಕು. 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈಯಲ್ಲಿ ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಕೇಳ್ವಿಕೆ ಎಂದು ಲೆಕ್ಕ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ರಾಯಲ್ಟಿಯ ಪಾಲಿಲ್ಲ. ಮೈಲಾಂಜಿ ಪಾಟ್ ಒಂದು ಕುಟುಂಬದ ನೂರಿನ್ನೂರು ಜನ ಕೇಳುವ ಹಾಡು. ಆ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಗೀಗೀ ಪದದಲ್ಲಿ 30 ಸೆಕೆಂಡಿಗೆ ಸೊಲ್ಲು ಕೂಡ ಮುಗಿಯುವುದಿಲ್ಲ. ಆಪ್‌ಗಳಾದರೂ ಶಾಶ್ವತವೇ? ರೆಸ್ಸೋ, ವಿಂಕ್ ಎರಡೂ 2024ರಲ್ಲಿ ಮುಚ್ಚಿದವು. ಅಲ್ಲಿ ಜನ ವರ್ಷಗಟ್ಟಲೆ ಜೋಡಿಸಿಟ್ಟ ಪಟ್ಟಿಗಳೂ ಅವುಗಳ ಜೊತೆ ಹೋದವು.

ಇಬ್ರಾಹಿಮನ ಹಾಡಿಗೆ ಮಾತು ಉಳಿದು ದನಿ ಹೋಯಿತು. ನನ್ನ ಉಮ್ಮನ ಹಾಡಿಗೆ ದನಿ ಉಳಿದು ಮಾತು ಹೋಗುತ್ತಿದೆ. ಮೊದಲನೆಯದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಎರಡನೆಯದು ನಮ್ಮ ಕೈಯಲ್ಲೇ ಇದೆ.

ಕುರನೂರಿನ ಹಿರಿಯರ ಮಾತಿನ ಅರ್ಥ ಆಮೇಲೆ ಹೊಳೆಯಿತು. ಗೀಗೀ ಮೇಳದಲ್ಲಿ ಹರದೇಸಿ, ನಾಗೇಸಿ ಎಂದು ಎರಡು ಪಕ್ಷ. ಒಂದು ಪಕ್ಷ ಗಂಡು ಹೆಚ್ಚು ಎಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಎದುರಾಳಿಯ ಪದವನ್ನು ಕಿವಿಗೊಟ್ಟು ಕೇಳದೆ ಜವಾಬು ಕಟ್ಟಲಾಗದು. ಎಲ್ಲಿ ತಪ್ಪಿದರು, ಎಲ್ಲಿ ಗೆದ್ದರು ಎಂದು ರಾತ್ರಿಯಿಡೀ ಕೂತ ಜನಕ್ಕೆ ಗೊತ್ತಾಗುತ್ತಿತ್ತು. ಅಲ್ಲಿ ವಿಮರ್ಶಕ ಬೇರೆ ಇರಲಿಲ್ಲ, ಎದುರು ಹಾಡುವವನೇ ವಿಮರ್ಶಕ. ಮೊಬೈಲಿನಲ್ಲಿ ಬರೀ ಸವಾಲು ತುಂಡಾಗಿ ಬಂದರೆ ಕೇಳುಗನಿಗೆ ಜಗಳವೂ ಗೊತ್ತಾಗದು, ಗೆದ್ದವರೂ ಗೊತ್ತಾಗದು.

ಬ್ಯಾರಿಗೆ 2009ರಲ್ಲಿ ಸರಕಾರ ಸಾಹಿತ್ಯ ಅಕಾಡೆಮಿ ಕೊಟ್ಟಿತು. ಮಲಯಾಳದ ಒಂದು ಕವಲು ಎಂದಷ್ಟೇ ಬಹುಕಾಲ ಎಣಿಸಿಕೊಂಡ ಮಾತಿಗೆ ಅದು ದೊಡ್ಡ ಗೌರವ. ಆದರೆ ನಮ್ಮ ಮನೆಯ ಮೊಬೈಲುಗಳಲ್ಲಿ ಇರುವ ಹಾಡುಗಳಿಗೆ ಹೆಸರು ಬರೆಯುವ ಕೆಲಸ ಅಕಾಡೆಮಿಯದಲ್ಲ, ನಮ್ಮದು. ಹಾಡಿದವರು ಯಾರು, ಯಾರಿಂದ ಕಲಿತರು, ಯಾವ ಊರು, ಯಾವ ಸಂದರ್ಭದ ಹಾಡು, ಈಗ ಅರ್ಥವಾಗದ ಪದ ಯಾವುದು: ಐದು ಸಾಲು ಸಾಕು. ಜೊತೆಗೆ ಆರನೆಯದೊಂದು ಇದ್ದರೆ ಇನ್ನೂ ಒಳ್ಳೆಯದು. ಈ ಹಾಡಿನಲ್ಲಿ ಏನು ಚೆನ್ನಾಗಿದೆ, ಏನು ಸಾಲದು ಎಂದು ಕೇಳಿದವರೊಬ್ಬರ ಪ್ರಾಮಾಣಿಕ ಮಾತು. ಇವತ್ತು ಬ್ಯಾರಿಯಲ್ಲಿ ಹೊಸದಾಗಿ ಹಾಡು ಮಾಡುತ್ತಿರುವ ಹುಡುಗ ಹುಡುಗಿಯರಿಗೆ ಚಪ್ಪಾಳೆಗಿಂತ ಅದು ಹೆಚ್ಚು ಬೇಕಾಗಿದೆ.

ಊರಿಗೆ ಬಂದವನೇ ಉಮ್ಮನ ತಂಗಿಯ ಬಳಿ ಹೋಗಿ ಆ ಹಾಡು ಕೇಳಿಸಿದೆ. ಎರಡನೆಯ ನುಡಿಯಲ್ಲಿ ಒಂದು ಪದ ನಮಗ್ಯಾರಿಗೂ ತಿಳಿದಿರಲಿಲ್ಲ. ಅವರು ಕೇಳಿ ನಕ್ಕರು. ಅದು ಪದವೇ ಅಲ್ಲವಂತೆ, ಸಾಲು ಮರೆತಾಗ ಉಮ್ಮ ಸೇರಿಸುತ್ತಿದ್ದ ಸದ್ದಂತೆ. ಸರಿಯಾದ ಸಾಲನ್ನು ಅವರೇ ಹಾಡಿ ತೋರಿಸಿದರು. "ನಿನ್ನ ಉಮ್ಮನಿಗೆ ಈ ಜಾಗ ಯಾವಾಗಲೂ ತಪ್ಪುತ್ತಿತ್ತು" ಎಂದರು.

ಅದನ್ನೂ ಬರೆದಿಟ್ಟಿದ್ದೇನೆ. ತಂಗಿಯ ಮಗ ಈಗ ಹಾಡಿನ ವಿವರದಲ್ಲಿ ಉಮ್ಮನ ಹೆಸರು, ಊರು, ಭಾಷೆ ಬ್ಯಾರಿ ಎಂದು ಸೇರಿಸಿದ್ದಾನೆ. ಭಾಷೆಯ ಪಟ್ಟಿಯಲ್ಲಿ ಇನ್ನೂ ಮಲಯಾಳ ಎಂದೇ ಇದೆ. ಅದನ್ನು ಬದಲಿಸಲು ಬರೆದಿದ್ದೇವೆ, ಉತ್ತರ ಬರುವವರೆಗೆ ಮತ್ತೆ ಮತ್ತೆ ಬರೆಯುತ್ತೇವೆ.