ಚಿನ್ನದ ಗಣಿಯ ಸಣ್ಣ ವಿದ್ಯುತ್ತು



ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಮಾರಿಕುಪ್ಪಂ ಕಡೆಯ ರೈಲು ಹಿಡಿದರೆ, ಸ್ವಲ್ಪ ಹೊತ್ತಿನಲ್ಲೇ ಕಿಟಕಿಯಾಚೆ ಬೂದು ಬಣ್ಣದ, ನೆತ್ತಿ ಸಪಾಟಾದ ದಿಬ್ಬಗಳು ಕಾಣಿಸಿಕೊಳ್ಳುತ್ತವೆ. ರಾಬರ್ಟ್‌ಸನ್‌ಪೇಟೆಯ ಜನ ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. 2018ರಲ್ಲಿ ತೆರೆಕಂಡ 'ಕೆ.ಜಿ.ಎಫ್' ಚಲನಚಿತ್ರದಲ್ಲಿ ನೀವೂ ಅವನ್ನು ನೋಡಿರಬಹುದು. ಅವು ಪ್ರಕೃತಿ ನಿರ್ಮಿಸಿದ ಗುಡ್ಡಗಳಲ್ಲ. ನೆಲದಾಳದಿಂದ ಕಲ್ಲನ್ನು ಮೇಲೆತ್ತಿ, ಹಿಟ್ಟಿನಂತೆ ಅರೆದು, ಅದರೊಳಗಿನ ಚಿನ್ನವನ್ನು ಕರಗಿಸಿಕೊಂಡ ಮೇಲೆ ಸುರಿದ ಪುಡಿಯ ರಾಶಿಗಳು.

ಕೋಲಾರದ ಗಣಿಗಳ ಚರಿತ್ರೆಯಲ್ಲಿ ವಿದ್ಯುತ್ತಿನ ಮಾತು ಬಂದಾಗಲೆಲ್ಲ ನಮಗೆ ಶಿವನಸಮುದ್ರ ನೆನಪಾಗುತ್ತದೆ. ಅದು ಸಹಜವೇ. 1902ರ ಜೂನ್ 30ರಂದು ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯಲ್ಲಿ ಸಾಗಿ ಗಣಿಯನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಹತ್ತಾರು ಸಾವಿರ ವೋಲ್ಟಿನ ಆ ದೊಡ್ಡ ವಿದ್ಯುತ್ತಿನ ಕಥೆಯನ್ನು ನಾವು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ, ದೂರದರ್ಶನದಲ್ಲೂ ನೋಡಿದ್ದೇವೆ. ಆದರೆ ಇದೇ ಗಣಿಯಲ್ಲಿ ಇನ್ನೊಂದು ವಿದ್ಯುತ್ತಿತ್ತು. ಅದರ ಬಲ ಒಂದು ವೋಲ್ಟಿಗಿಂತಲೂ ಕಡಿಮೆ. ಅದಕ್ಕೆ ತಂತಿ ಇರಲಿಲ್ಲ, ಕಂಬವೂ ಇರಲಿಲ್ಲ. ಸೈನೈಡ್ ತೊಟ್ಟಿಗಳಲ್ಲಿ ಪ್ರತಿಯೊಂದು ಚಿನ್ನದ ಕಣದ ಮೇಲೂ ಅದು ಹರಿಯುತ್ತಿತ್ತು. ಆ ಸಣ್ಣ ವಿದ್ಯುತ್ತಿನ ಬಗೆಗೆ, ಮತ್ತು ಅದನ್ನು ಅಳೆಯಲು ಕಲಿತ ಕೈಗಳ ಬಗೆಗೆ ಈ ಲೇಖನ.

ಕಲ್ಲಿನಿಂದ ಚಿನ್ನ

1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಈ ಭಾಗದ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಮಾಡಿದ. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ ಇಲ್ಲಿ ಗಣಿ ತೋಡುವ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಗಣಿಗಾರಿಕೆ ನೆಲೆಯೂರಿತು. ಗಣಿಯ ಮಗ್ಗುಲಲ್ಲಿ ಬೆಳೆದ ಪೇಟೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ರಾಬರ್ಟ್‌ಸನ್‌ನ ಹೆಸರು ಬಂತು.

ಮೊದಲ ದಿನಗಳಲ್ಲಿ ಕುಟ್ಟಿದ ಅದಿರನ್ನು ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಆದರೆ ತೀರ ನುಣುಪಾದ ಕಣಗಳು ನೀರಿನೊಡನೆ ಕೊಚ್ಚಿಹೋಗುತ್ತಿದ್ದವು. ಆ ನಷ್ಟವನ್ನು ತಪ್ಪಿಸಿದ್ದು ಸೈನೈಡ್. ಗ್ಲಾಸ್ಗೋ ನಗರದ ಜಾನ್ ಸ್ಟುವರ್ಟ್ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದರು. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಅದು ಕೋಲಾರಕ್ಕೂ ಬಂತು.

ಚಿನ್ನ ಯಾವುದಕ್ಕೂ ಕರಗದ ಲೋಹವೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ತುಕ್ಕು ಹಿಡಿಯದು, ಸಾಧಾರಣ ಆಮ್ಲಕ್ಕೆ ಜಗ್ಗದು. ಅಂಥ ಚಿನ್ನ ತೆಳುವಾದ ಸೈನೈಡ್ ದ್ರಾವಣದಲ್ಲಿ ಕರಗುವುದು ಹೇಗೆ? 1857ರಲ್ಲಿ ಮೈಕೇಲ್ ಫ್ಯಾರಡೆ ಚಿನ್ನದ ರೇಕನ್ನು ಸೈನೈಡ್ ದ್ರಾವಣದ ಮೇಲೆ ತೇಲಿಬಿಟ್ಟು, ಅದು ಕರಗಲು ಗಾಳಿಯ ಸಂಪರ್ಕ ಬೇಕೆಂದು ಕಂಡುಕೊಂಡ. ಅದಕ್ಕೆ ಪೂರ್ತಿ ವಿವರಣೆ ದೊರೆತದ್ದು ಸುಮಾರು ನೂರು ವರ್ಷಗಳ ನಂತರ. 1954ರಲ್ಲಿ ಕುದ್ರಿಕ್ ಮತ್ತು ಕೆಲಾಗ್ ಎಂಬ ವಿಜ್ಞಾನಿಗಳು ಚಿನ್ನದ ವಿದ್ಯುದಗ್ರದಲ್ಲಿ ಹರಿಯುವ ವಿದ್ಯುತ್ತನ್ನೇ ಅಳೆದು, ಈ ಕ್ರಿಯೆ ಕಬ್ಬಿಣ ತುಕ್ಕು ಹಿಡಿಯುವ ಜಾತಿಗೇ ಸೇರಿದ್ದೆಂದು ತೋರಿಸಿದರು.

ಅಂದರೆ ದ್ರಾವಣದಲ್ಲಿ ಮುಳುಗಿದ ಒಂದೊಂದು ಚಿನ್ನದ ಕಣವೂ ಒಂದು ಪುಟ್ಟ ಬ್ಯಾಟರಿ. ಕಣದ ಒಂದು ಮಗ್ಗುಲಲ್ಲಿ ಚಿನ್ನ ತನ್ನ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಸೈನೈಡಿನ ಜೊತೆ ದ್ರಾವಣಕ್ಕೆ ಇಳಿಯುತ್ತದೆ. ಆ ಎಲೆಕ್ಟ್ರಾನು ಕಣದೊಳಗೇ ಹರಿದು ಇನ್ನೊಂದು ಮಗ್ಗುಲಿಗೆ ಬಂದಾಗ, ನೀರಿನಲ್ಲಿ ಬೆರೆತ ಆಮ್ಲಜನಕ ಅದನ್ನು ಸ್ವೀಕರಿಸುತ್ತದೆ. ನಾಲ್ಕು ಚಿನ್ನದ ಪರಮಾಣು ಕರಗಲು ಒಂದು ಆಮ್ಲಜನಕದ ಅಣು ಸಾಕು. ಆದರೆ 25 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹೀರಿಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಆದ್ದರಿಂದಲೇ ಸೈನೈಡ್ ತೊಟ್ಟಿಗೆ ಗಾಳಿ ಊದುತ್ತಾರೆ. ಆಮೇಲೆ ಚಿನ್ನ ತುಂಬಿದ ದ್ರಾವಣವನ್ನು ಸೋಸಿ ಸತುವಿನ ಮೇಲೆ ಹರಿಸಿದರೆ ಎಲ್ಲವೂ ತಿರುವುಮುರುವು: ಸತು ಕರಗುತ್ತದೆ, ಚಿನ್ನ ಕಪ್ಪು ಕೆಸರಿನಂತೆ ಹೊರಬೀಳುತ್ತದೆ. ಅಲ್ಲಿ ಗಾಳಿ ಇರಕೂಡದು.

ಅಳೆಯುವುದು ಏಕೆ?

ಈ ಬ್ಯಾಟರಿ ಸರಿಯಾಗಿ ನಡೆಯಲು ಮೂರು ಸಂಗತಿಗಳ ಮೇಲೆ ಕಣ್ಣಿಡಬೇಕು: ಸೈನೈಡ್ ಎಷ್ಟಿದೆ, ಆಮ್ಲಜನಕ ಎಷ್ಟಿದೆ, ದ್ರಾವಣ ಎಷ್ಟು ಕ್ಷಾರೀಯವಾಗಿದೆ. ಮೂರನೆಯದು ಪ್ರಾಣದ ಪ್ರಶ್ನೆ. ದ್ರಾವಣದ ಪಿಎಚ್ 9.2ಕ್ಕೆ ಇಳಿದರೆ ಅದರೊಳಗಿನ ಸೈನೈಡಿನ ಅರ್ಧ ಭಾಗ ಹೈಡ್ರೋಜನ್ ಸೈನೈಡ್ ಆಗಿಬಿಡುತ್ತದೆ. ಅದು ಗಾಳಿಗೆ ಏರುವ ವಿಷ. ಆದಕಾರಣ ಸುಣ್ಣ ಹಾಕಿ ಪಿಎಚ್ ಅನ್ನು 10ರ ಮೇಲೆ ಇಡುವುದು ಸೈನೈಡ್ ಸ್ಥಾವರಗಳ ಮೊದಲ ನಿಯಮ. ಚಿನ್ನದ ಲೆಕ್ಕ ತಪ್ಪಿದರೆ ಕಂಪನಿಗೆ ನಷ್ಟ, ಸುಣ್ಣದ ಲೆಕ್ಕ ತಪ್ಪಿದರೆ ಪಾಳಿಯಲ್ಲಿರುವ ಕೆಲಸಗಾರನಿಗೆ ಅಪಾಯ.

ಮೊದಲಿಗೆ ಈ ಅಳತೆ ಕಣ್ಣಿನ ಕೆಲಸವಾಗಿತ್ತು. ಜರ್ಮನಿಯ ಲೀಬಿಗ್ 1851ರಲ್ಲಿ ಹೇಳಿಕೊಟ್ಟ ವಿಧಾನವೇ ಎಲ್ಲ ಕಡೆ ಆಧಾರ. ಸೈನೈಡ್ ದ್ರಾವಣಕ್ಕೆ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತ ಹೋದರೆ, ಸೈನೈಡ್ ಮುಗಿದ ಕ್ಷಣದಲ್ಲಿ ದ್ರಾವಣ ತಿಳಿಯಾಗಿ ಉಳಿಯದೆ ಮಸುಕಾಗುತ್ತದೆ. ಅಯೊಡೈಡ್ ಬೆರೆಸಿದ್ದರೆ ಆ ಮಸುಕಿಗೆ ನಸು ಹಳದಿ ಛಾಯೆ. ಪುಸ್ತಕದಲ್ಲಿ ಇದು ಒಂದೇ ಸಾಲು. ಆದರೆ ಆ ನಸು ಹಳದಿ ಯಾವುದು, ಇನ್ನೂ ಒಂದು ಹನಿ ಬೇಕೋ ಸಾಕೋ ಎಂಬುದು ಅನುಭವಿಯ ಪಕ್ಕದಲ್ಲಿ ನಿಂತು, ಹಲವು ಸಲ ತಪ್ಪು ಮಾಡಿದವನಿಗೆ ಮಾತ್ರ ತಿಳಿಯುತ್ತದೆ.

ಆಮೇಲೆ ಬಂದದ್ದು ವಿದ್ಯುದಗ್ರ. 1906ರಲ್ಲಿ ಕ್ರೆಮರ್ ಎಂಬ ಶರೀರಕ್ರಿಯಾ ವಿಜ್ಞಾನಿ, ತೆಳು ಗಾಜಿನ ಪೊರೆಯ ಎರಡು ಬದಿಗೆ ಬೇರೆ ಬೇರೆ ಆಮ್ಲತೆಯ ದ್ರಾವಣಗಳಿದ್ದರೆ ನಡುವೆ ವಿದ್ಯುತ್ ವಿಭವ ಹುಟ್ಟುವುದನ್ನು ಗಮನಿಸಿದ. 1909ರಲ್ಲಿ ಹೇಬರ್ ಮತ್ತು ಕ್ಲೆಮೆನ್ಸಿವಿಚ್ ಅದನ್ನು ಅಳತೆಯ ಸಾಧನವಾಗಿಸಿದರು. 1934ರಲ್ಲಿ ಅಮೆರಿಕದ ಬೆಕ್‌ಮನ್ ನಿಂಬೆಹಣ್ಣಿನ ಉದ್ಯಮದ ಗೆಳೆಯನೊಬ್ಬನಿಗಾಗಿ ಅದಕ್ಕೆ ವರ್ಧಕ ಜೋಡಿಸಿ, ಎಲ್ಲಿಗೂ ಒಯ್ಯಬಹುದಾದ ಪಿಎಚ್ ಮೀಟರ್ ರೂಪಿಸಿದ. 1956ರಲ್ಲಿ ಕ್ಲಾರ್ಕ್ ಕರಗಿದ ಆಮ್ಲಜನಕವನ್ನು ಅಳೆಯುವ ವಿದ್ಯುದಗ್ರವನ್ನು ಪ್ರಕಟಿಸಿದ. ಹೀಗೆ ಕಣ್ಣು ಮಾಡುತ್ತಿದ್ದ ಕೆಲಸವನ್ನು ಮಿಲಿವೋಲ್ಟ್‌ಗಳು ಮಾಡತೊಡಗಿದವು.

ಯಂತ್ರ ಹೇಳುವುದು, ಹೇಳದಿರುವುದು

ಹಾಗಾದರೆ ಮುಳ್ಳನ್ನೋ ಅಂಕಿಯನ್ನೋ ನೋಡಿ ಬರೆದುಕೊಂಡರೆ ಮುಗಿಯಿತಲ್ಲವೇ ಎಂದು ನೀವು ಕೇಳಬಹುದು. ಮುಗಿಯಲಿಲ್ಲ. ಒಂದು ಪಿಎಚ್ ಅಂಶಕ್ಕೆ ಗಾಜಿನ ವಿದ್ಯುದಗ್ರ ಕೊಡುವುದು ಸುಮಾರು 59 ಮಿಲಿವೋಲ್ಟ್ ಮಾತ್ರ. ಅದನ್ನು ಬಟ್ಟೆಯಿಂದ ತಿಕ್ಕಿ ಒರೆಸಿದರೆ ಗಾಜಿನ ಮೇಲೆ ಸ್ಥಿರ ವಿದ್ಯುತ್ತು ನಿಂತು ಅಂಕಿ ಅಲುಗಾಡುತ್ತದೆ. ಒತ್ತಿ ತೆಗೆಯಬೇಕು, ಉಜ್ಜಬಾರದು. ಒಣಗಲು ಬಿಟ್ಟರೆ ಅದು ಮಂಕಾಗುತ್ತದೆ. ತೀರ ಕ್ಷಾರೀಯ ದ್ರಾವಣದಲ್ಲಿ ಸೋಡಿಯಂ ಅಯಾನುಗಳಿಂದ ಮೋಸಹೋಗಿ ನಿಜಕ್ಕಿಂತ ಕಡಿಮೆ ಪಿಎಚ್ ತೋರಿಸುತ್ತದೆ. ಅರೆದ ಅದಿರಿನ ಕೆಸರಿನಲ್ಲಿ ಅದ್ದಿದರೆ ಜೊತೆಗಿರುವ ಆಧಾರ ವಿದ್ಯುದಗ್ರದ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಆಧಾರ ವಿದ್ಯುದಗ್ರದೊಳಗೆ ಸಾಮಾನ್ಯವಾಗಿ ಬೆಳ್ಳಿ ಇರುತ್ತದೆ. ಕಲ್ಲಿನಿಂದ ಚಿನ್ನವನ್ನು ಎಳೆದುಕೊಳ್ಳುವ ಸೈನೈಡ್ ಆ ಬೆಳ್ಳಿಯನ್ನೂ ಬಿಡುವುದಿಲ್ಲ. ಒಳಗೆ ಇಳಿದರೆ ಅಳತೆಗೋಲನ್ನೇ ಕೆಡಿಸುತ್ತದೆ. ಅದಕ್ಕಾಗಿಯೇ ಇಂಥ ಕಡೆ ಎರಡು ಕೋಣೆಗಳ ಆಧಾರ ವಿದ್ಯುದಗ್ರವನ್ನು ಬಳಸುವುದು.

ಇಷ್ಟೆಲ್ಲ ಕೆಟ್ಟರೂ ಯಂತ್ರ ಒಂದು ಅಂಕಿಯನ್ನು ತೋರಿಸಿಯೇ ತೋರಿಸುತ್ತದೆ. ಅದನ್ನು ನಂಬಬೇಕೋ ಬೇಡವೋ ಎಂದು ಮಾತ್ರ ಹೇಳುವುದಿಲ್ಲ.

ಇದನ್ನು ನಾನು ಕಲಿತದ್ದು ನಾಚಿಕೆಯಿಂದ. ಬಿ.ಎಸ್ಸಿ. ಓದುವಾಗ ನಮ್ಮ ಪ್ರಯೋಗಾಲಯದಲ್ಲಿ ಮೂವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಒಂದೇ ಪಿಎಚ್ ಮೀಟರ್ ಇತ್ತು. ಅದು ಬೀಗದ ಕಪಾಟಿನಲ್ಲಿರುತ್ತಿತ್ತು. ವರ್ಷವೆಲ್ಲ ದೂರದಿಂದ ನೋಡಿದ ಅದನ್ನು ನಾನು ಮೊದಲ ಬಾರಿಗೆ ಮುಟ್ಟಿದ್ದು ಪರೀಕ್ಷೆಯ ದಿನ. ಕರವಸ್ತ್ರದಿಂದ ಚೆನ್ನಾಗಿ ಒರೆಸಿ ದ್ರಾವಣದಲ್ಲಿ ಅದ್ದಿದೆ. ಅಂಕಿ ನಿಲ್ಲಲಿಲ್ಲ. ಪಕ್ಕದವನ ಉತ್ತರಕ್ಕೆ ಹತ್ತಿರವಾಗುವಂತೆ ಒಂದು ಸಂಖ್ಯೆ ಬರೆದೆ. ಪೂರ್ತಿ ಅಂಕಗಳು ಬಂದವು! ಆ ದಿನ ನನ್ನ ತಪ್ಪಿನಿಂದ ಯಾರಿಗೂ ಕೇಡಾಗಲಿಲ್ಲ. ಅದೇ ಸಂಖ್ಯೆಯನ್ನು ಸೈನೈಡ್ ತೊಟ್ಟಿಯ ಬದಿಯಲ್ಲಿ ನಿಂತು ಬರೆದಿದ್ದರೆ?

ಕಲಿಸುವ ಮನೆಗಳು

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಆಸರೆಗಳಿಲ್ಲವೆಂದಲ್ಲ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿಭಾಗಗಳಲ್ಲೇ ರಸಾಯನಶಾಸ್ತ್ರವೂ ವಿದ್ಯುತ್ ತಂತ್ರಜ್ಞಾನವೂ ಇದ್ದವು. ಸ್ವಾತಂತ್ರ್ಯದ ನಂತರ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಹುಟ್ಟಿತು. 1948ರಲ್ಲಿ ನೆಹರೂ ಅಡಿಗಲ್ಲು ಹಾಕಿದರು. 1953ರ ಜನವರಿಯಲ್ಲಿ ಡಾ. ರಾಧಾಕೃಷ್ಣನ್ ಉದ್ಘಾಟಿಸಿದರು. ತುಕ್ಕು, ಲೋಹಲೇಪನ, ಬ್ಯಾಟರಿಗಳ ಬಗೆಗೆ ಅಲ್ಲಿ ಅಲ್ಪಾವಧಿಯ ತರಬೇತಿಗಳೂ ನಡೆಯುತ್ತವೆ. ರಾಬರ್ಟ್‌ಸನ್‌ಪೇಟೆಗೆ ಕೂಗಳತೆಯಲ್ಲಿರುವ ಊರಿಗಾಂನಲ್ಲಿ ಗಣಿ ವಿದ್ಯೆಗೆಂದೇ ಸ್ಕೂಲ್ ಆಫ್ ಮೈನ್ಸ್ ಬೆಳೆಯಿತು.

ಆದರೆ ಸೈನೈಡ್ ಸ್ಥಾವರಕ್ಕೆ ಬೇಕಾದ ನಿಜವಾದ ಶಾಲೆ ಸ್ಥಾವರವೇ. ಪಾಳಿಯಿಂದ ಪಾಳಿಗೆ ಮಾದರಿ ತೆಗೆಯುವುದು, ಸೋಸುವುದು, ಹನಿ ಎಣಿಸುವುದು, ಪುಸ್ತಕದಲ್ಲಿ ಬರೆಯುವುದು, ಹಿಂದಿನ ಪಾಳಿಯ ಅಂಕಿಯೊಡನೆ ತಾಳೆ ನೋಡುವುದು: ಹಿರಿಯನಿಂದ ಕಿರಿಯನಿಗೆ ಇದು ದಾಟಬೇಕು. ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಬೆರೆತ ಗಣಿಯೂರಿನ ಮಾತಿನಲ್ಲಿ ಕಲಿಸುವವನೂ ಕಲಿಯುವವನೂ ಒಂದೇ ಮೇಜಿನ ಎದುರು ನಿಂತರೆ ಮಾತ್ರ ಸಾಧ್ಯವಾಗುವ ಶಿಕ್ಷಣ ಅದು.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು, 1962ರಲ್ಲಿ ಕೇಂದ್ರದ ಕೈಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆದವು. ಆಳ 3 ಕಿಲೋಮೀಟರ್ ದಾಟಿತ್ತು, ಖರ್ಚು ಏರಿತ್ತು, ಚಿನ್ನ ತೆಳುವಾಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಮನೆಮನೆಯಲ್ಲೂ ಕಷ್ಟ ಬಂತು. ಅದನ್ನು ನೀವು ಬಲ್ಲಿರಿ. ಅದರ ಜೊತೆಯಲ್ಲೇ ಸದ್ದಿಲ್ಲದೆ ಇನ್ನೊಂದು ನಷ್ಟವಾಯಿತು. ಅಳೆಯಬಲ್ಲ ಕೈಗಳು ಚದುರಿಹೋದವು. ಮುಂದಿನವರಿಗೆ ಕಲಿಸುವ ಮೇಜೇ ಉಳಿಯಲಿಲ್ಲ.

ದಿಬ್ಬಗಳ ಮುಂದೆ

ಈಗ ಮತ್ತೆ ಆ ಬೂದು ದಿಬ್ಬಗಳ ಬಳಿ ಬರೋಣ. ಅವುಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಇದೆ. ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆಯಾದರೂ ಚಿನ್ನ ಇನ್ನೂ ಉಳಿದಿದೆ. 2024ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಸಾವಿರ ಎಕರೆಯಷ್ಟು ನೆಲದ ಮೇಲಿರುವ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸೈನೈಡ್ ವಿಧಾನ ಇಂದಿಗೂ ನಡೆಯುತ್ತಿದೆ. ಆದ್ದರಿಂದ ವಿದ್ಯೆ ನಾಡಿನಿಂದ ಪೂರ್ತಿ ಅಳಿದಿಲ್ಲ.

ದಿಬ್ಬಗಳಿಂದ ಚಿನ್ನ ತೆಗೆದರೂ ಅಳತೆ ಬೇಕು, ತೆಗೆಯದೆ ಬಿಟ್ಟರೂ ಬೇಕು. ಗಾಳಿ ಬೀಸಿದಾಗ ಆ ದೂಳು ಮನೆಗಳ ಮೇಲೆ ಬೀಳುತ್ತದೆ, ಮಳೆ ಬಂದಾಗ ನೀರು ಅದರ ಬುಡದಿಂದ ಹರಿಯುತ್ತದೆ. ಆ ನೀರಿನ ಪಿಎಚ್ ಎಷ್ಟು, ಅದರಲ್ಲಿ ಸೈನೈಡ್ ಎಷ್ಟು, ಲೋಹ ಎಷ್ಟು ಎಂದು ಹೇಳಬೇಕಾದವರು ಯಾರು? ಹೊರಗಿನಿಂದ ಒಂದು ದಿನ ಬಂದು ಬಾಟಲಿ ತುಂಬಿಕೊಂಡು ಹೋಗುವವರಷ್ಟೇ ಸಾಲದು. ಅಲ್ಲೇ ಇದ್ದು, ಮಳೆಗೂ ಬೇಸಗೆಗೂ ಅಳೆದು, ಅಂಕಿ ಸುಳ್ಳಾದಾಗ ಗುರುತಿಸಬಲ್ಲ ಊರಿನ ಹುಡುಗ ಹುಡುಗಿಯರು ಬೇಕು. ಆ ತರಬೇತಿಗೆ ಅರಮನೆಯಂಥ ಕಟ್ಟಡ ಬೇಡ. ಕೆಲವು ವಿದ್ಯುದಗ್ರಗಳು, ಪಿಎಚ್ ಗೊತ್ತಿರುವ ಎರಡು ದ್ರಾವಣಗಳು, ಒಂದು ದಾಖಲೆ ಪುಸ್ತಕ, ಪಕ್ಕದಲ್ಲಿ ನಿಂತು ತಿದ್ದುವ ಒಬ್ಬ ಅನುಭವಿ. ಮುಖ್ಯವಾಗಿ, ಕಪಾಟಿಗೆ ಬೀಗ ಇರಬಾರದು.

ನಿಮ್ಮ ಮಗನೋ ಮಗಳೋ ವಿಜ್ಞಾನ ಓದುತ್ತಿದ್ದರೆ ಇವತ್ತು ಒಂದು ಪ್ರಶ್ನೆ ಕೇಳಿ: ಈ ವರ್ಷ ಪಿಎಚ್ ಮೀಟರನ್ನು ನಿನ್ನ ಕೈಯಾರೆ ಎಷ್ಟು ಸಲ ಹಿಡಿದೆ? ಉತ್ತರ ಸೊನ್ನೆಯಾಗಿದ್ದರೆ, ಅವರ ಕಾಲೇಜಿಗೆ ಹೋಗಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.